ಡೈವೋರ್ಸ್ ಕಾಲದ ಸ್ಟೇಟಸ್ಸು

ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಬಗ್ಗೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲೂ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದು ಹೇಳುವುದಿಷ್ಟೇ: ಈ ಕಾಯ್ದೆಯಡಿಯ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಅದಕ್ಕೆ ಸಂಬಂಧಪಟ್ಟ ಯಾವ ವಿಷಯವನ್ನೂ ಯಾರೂ ಅಚ್ಚು ಹಾಕಿಸಬಾರದು, ಪ್ರಕಟಿಸಬಾರದು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳಿಗಷ್ಟೇ ವಿನಾಯಿತಿ. ಅದಕ್ಕೂ ಕೋರ್ಟಿನ ಒಪ್ಪಿಗೆ ಬೇಕು. ಮೀರಿದರೆ ಸಾವಿರ ರೂಪಾಯಿವರೆಗೆ ದಂಡ. 1955ರಲ್ಲಿ ಕಾಯ್ದೆ ಬಂದಾಗ ಬಾಗಿಲು ಹಾಕುವುದು ಕಡ್ಡಾಯವಾಗಿರಲಿಲ್ಲ. 1976ರ ತಿದ್ದುಪಡಿ ಕಡ್ಡಾಯ ಮಾಡಿತು. ವಿಶೇಷ ವಿವಾಹ ಕಾಯ್ದೆಯಲ್ಲೂ ಇದೇ ಮಾತಿದೆ. ಬೇರೆ ಧರ್ಮದವರ ವಿಚಾರಣೆಗೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಇದೆ. ಇಬ್ಬರಲ್ಲಿ ಯಾರೊಬ್ಬರು ಬಯಸಿದರೂ ಅಲ್ಲಿ ಬಾಗಿಲು ಮುಚ್ಚಲೇಬೇಕು.

ಈ ಕಲಂ ಬರೆದವರ ಮನಸ್ಸಿನಲ್ಲಿದ್ದದ್ದು ಪತ್ರಿಕೆಗಳು, ಊರ ಬಾಯಿ, ಪಕ್ಕದ ಮನೆಯ ಕಿವಿ. ಗಂಡ ಹೆಂಡತಿ ತಾವೇ ಪ್ರಕಾಶಕರಾಗಿ, ಕೋರ್ಟ್ ಹಾಲಿನಿಂದ ಹೊರಬಂದು ಆಟೊ ಹತ್ತುವಷ್ಟರಲ್ಲಿ ‘ಸತ್ಯಕ್ಕೆ ಸಾವಿಲ್ಲ’ ಎಂದು ಸ್ಟೇಟಸ್ ಹಾಕುವ ಕಾಲ ಬಂದೀತೆಂದು ಅವರಿಗೆ ಹೊಳೆದಿರಲಾರದು. ಆದೇಶದ ಪ್ರತಿಯ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಏರಿಸುವವರಿದ್ದಾರೆ. ಎದುರು ಕಡೆಯವರ ಅರ್ಜಿಯ ಒಂದು ಪುಟವನ್ನು ಕುಲಬಾಂಧವರ ವಾಟ್ಸಾಪ್ ಗುಂಪಿಗೆ ಹಾಕಿ ‘ನೀವೇ ನ್ಯಾಯ ಹೇಳಿ’ ಎನ್ನುವವರಿದ್ದಾರೆ. ಕಾನೂನು ಮುಚ್ಚಿಟ್ಟ ಬಾಗಿಲನ್ನು ಹೀಗೆ ಒಳಗಿದ್ದವರೇ ತೆರೆದರೆ ಮೊದಲು ನುಗ್ಗುವುದು ಸ್ನೇಹಿತರಲ್ಲ, ಎದುರು ಪಕ್ಷದ ವಕೀಲರು.

ಅವರು ಅದನ್ನೇನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ‘ವಾಟ್ಸಾಪ್ ಮೆಸೇಜೆಲ್ಲ ಕೋರ್ಟಿನಲ್ಲಿ ನಡೆಯಲ್ಲ ಬಿಡ್ರಿ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ನಡೆಯುತ್ತದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ ಈ ನ್ಯಾಯಾಲಯಗಳಿಗೆ ಬೇರೆ ಕೋರ್ಟುಗಳಿಗಿಲ್ಲದ ಒಂದು ಸಡಿಲಿಕೆ ಕೊಟ್ಟಿದೆ. ವ್ಯಾಜ್ಯ ಬಗೆಹರಿಸಲು ನೆರವಾಗುತ್ತದೆ ಅನ್ನಿಸಿದ ಯಾವುದೇ ವರದಿ, ಹೇಳಿಕೆ, ದಾಖಲೆಯನ್ನು ನ್ಯಾಯಾಧೀಶರು ತೆಗೆದುಕೊಳ್ಳಬಹುದು. ಸಾಕ್ಷ್ಯ ಕಾಯ್ದೆಯ ಪ್ರಕಾರ ಅದು ಒಪ್ಪಿತವೋ ಅಲ್ಲವೋ ಎಂದು ಕೂದಲು ಸೀಳಬೇಕಿಲ್ಲ. ಗಂಡ ಹೆಂಡತಿಯ ಜಗಳಕ್ಕೆ ಸಾಕ್ಷಿಗಳು ಸಿಗುವುದು ಕಷ್ಟ, ನಾಲ್ಕು ಗೋಡೆಯ ನಡುವೆ ನಡೆದದ್ದನ್ನು ಕಂಡವರು ಯಾರು ಎಂಬ ತಿಳಿವಳಿಕೆ ಇದರ ಹಿಂದಿದೆ.

ಹಾಗೆಂದು ಯಾವ ಸ್ಕ್ರೀನ್‌ಶಾಟನ್ನಾದರೂ ಮುದ್ರಿಸಿ ಕೊಟ್ಟರೆ ಮುಗಿಯಿತು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ಇದು 65ಬಿ ಎಂದು ಹೆಸರಾಗಿತ್ತು. ವಕೀಲರ ಬಾಯಲ್ಲಿ ಈಗಲೂ ‘ಸಿಕ್ಸ್‌ಟಿಫೈವ್ ಬಿ’ಯೇ. ಹೊಸ ನಮೂನೆಯಲ್ಲಿ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತ ಆಮೇಲೆ ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಅಸಲು ಫೋನನ್ನೇ ತಂದು ಅದು ತನ್ನದೆಂದು ಸಾಕ್ಷಿಕಟ್ಟೆಯಲ್ಲಿ ಹೇಳಿದರೆ ಪ್ರಮಾಣಪತ್ರದ ಹಂಗಿಲ್ಲ ಎಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತ್ತು. ಆದ್ದರಿಂದ ಕೇಸು ನಡೆಯುವಾಗ ಹಳೆ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಕೊಟ್ಟುಬಿಡುವುದು ಬುದ್ಧಿವಂತಿಕೆಯಲ್ಲ.

ಕೋಪದಲ್ಲಿ ಪೋಸ್ಟ್ ಹಾಕಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಜೀವನಾಂಶದ ಕೇಸುಗಳಲ್ಲಿ ಕೋಪದ ಪೋಸ್ಟಿಗಿಂತ ಸಂತೋಷದ ಪೋಸ್ಟು ಹೆಚ್ಚು ಹಾಳು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕೋಪದಲ್ಲಿ ಬರೆದದ್ದನ್ನು ನಾಲ್ಕು ಜನ ‘ಪಾಪ, ನೊಂದಿದ್ದಾರೆ’ ಎಂದು ಕ್ಷಮಿಸಿಯಾರು, ನ್ಯಾಯಾಧೀಶರೂ ಮನುಷ್ಯರೇ. ಸಂತೋಷದ ಫೋಟೊ ಹಾಗಲ್ಲ. ಅದು ನೀವು ಪ್ರಮಾಣ ಮಾಡಿ ಬರೆದುಕೊಟ್ಟ ಲೆಕ್ಕಕ್ಕೆ ನೇರವಾಗಿ ಎದುರು ನಿಲ್ಲುತ್ತದೆ.

ಆ ಲೆಕ್ಕ ಯಾವುದೆಂದರೆ, 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದ ಆಸ್ತಿ ಮತ್ತು ಸಾಲದ ಅಫಿಡವಿಟ್. ಜೀವನಾಂಶ ಕೇಳುವವರೂ ಕೊಡಬೇಕಾದವರೂ ಇಬ್ಬರೂ ಅದನ್ನು ಸಲ್ಲಿಸಬೇಕು. ಸಂಬಳ, ಬ್ಯಾಂಕ್ ಖಾತೆ, ಹೂಡಿಕೆ, ವಾಹನ, ಒಡವೆ, ತಿಂಗಳ ಖರ್ಚು ಎಲ್ಲವೂ ಅದರಲ್ಲಿರಬೇಕು. ಕೃಷಿಕರಿಗೆ ಬೇರೆಯದೇ ನಮೂನೆ ಇದೆ: ಎಷ್ಟು ಜಮೀನು, ಯಾವ ಬೆಳೆ, ಎಷ್ಟು ದನಕರು. ಸುಳ್ಳು ಬರೆದದ್ದು ಕಂಡರೆ ಸುಳ್ಳು ಸಾಕ್ಷ್ಯದ ಕ್ರಮ ಜರುಗಿಸಬಹುದು ಎಂದೂ ಆ ತೀರ್ಪಿನಲ್ಲಿದೆ.

ಈಗ ಯೋಚಿಸಿ. ‘ಕಂಪನಿಯಲ್ಲಿ ಸಂಬಳ ಕಡಿತವಾಗಿದೆ, ತಾಯಿಯ ಔಷಧಿಗೇ ಸಾಲದು’ ಎಂದು ಅಫಿಡವಿಟ್ ಕೊಟ್ಟ ಗಂಡನ ಲಿಂಕ್ಡ್‌ಇನ್ ಪುಟದಲ್ಲಿ ‘ಬಡ್ತಿ ಸಿಕ್ಕಿದ್ದಕ್ಕೆ ಧನ್ಯತಾಭಾವ’ ಎಂಬ ಬರಹ. ಗೋಕರ್ಣದ ಬೀಚಿನಲ್ಲಿ ಹೊಸ ಬುಲೆಟ್ಟಿನ ಮೇಲೆ ಕೂತ ಫೋಟೊ; ಬೈಕು ಗೆಳೆಯನದೇ ಇರಬಹುದು, ನಂಬರ್ ಪ್ಲೇಟ್ ಕಾಣುತ್ತಿಲ್ಲ. ಇನ್ನೊಂದು ಕಡೆ ‘ನನಗೆ ಯಾವ ಆದಾಯವೂ ಇಲ್ಲ’ ಎಂದ ಹೆಂಡತಿಯ ಇನ್‌ಸ್ಟಾಗ್ರಾಂನಲ್ಲಿ ಮನೆಯಲ್ಲೇ ಮಾಡಿದ ಹುಟ್ಟುಹಬ್ಬದ ಕೇಕುಗಳ ಸಾಲು, ಕೆಳಗೆ ‘ಆರ್ಡರ್‌ಗೆ ಮೆಸೇಜ್ ಮಾಡಿ’. ಅದರಿಂದ ತಿಂಗಳಿಗೆ ಹೆಚ್ಚೆಂದರೆ ಮಗುವಿನ ಹಾಲಿನ ದುಡ್ಡು ಹುಟ್ಟುತ್ತಿರಬಹುದು. ಆದರೆ ‘ಯಾವ ಆದಾಯವೂ ಇಲ್ಲ’ ಎಂದು ಬರೆದಾಗಿದೆ. ದುಡಿಯಬಲ್ಲವಳು ಎಂಬುದು ಬೇರೆ, ದುಡಿಯುತ್ತಿದ್ದಾಳೆ ಎಂಬುದು ಬೇರೆ, ಬಲ್ಲವಳೆಂಬ ಕಾರಣಕ್ಕೇ ಜೀವನಾಂಶ ಕಡಿಮೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟು ಒಳ್ಳೆಯ ತೀರ್ಪು ಕೈಯಲ್ಲಿದ್ದೂ, ಸಣ್ಣ ಆದಾಯವನ್ನು ಮುಚ್ಚಿಟ್ಟದ್ದರಿಂದ ದೊಡ್ಡ ಕಷ್ಟವನ್ನೂ ನಂಬದಂತಾಗುತ್ತದೆ. ಪಾಟೀಸವಾಲಿನಲ್ಲಿ ವಕೀಲರು ಕೇಕಿನ ಬೆಲೆ ಕೇಳುವುದಿಲ್ಲ. ‘ಈ ಪುಟ ನಿಮ್ಮದೇ ತಾನೆ?’ ಎಂದು ಮಾತ್ರ ಕೇಳುತ್ತಾರೆ. ಹೌದು ಎಂದರೆ ಅಫಿಡವಿಟ್ ಸುಳ್ಳಾಯಿತು, ಅಲ್ಲ ಎಂದರೆ ಸಾಕ್ಷಿಯೇ ಸುಳ್ಳಾಯಿತು.

ಹಾಗಾದರೆ ಕೇಸು ಮುಗಿಯುವವರೆಗೆ ನಗಬಾರದೇ, ತಂಗಿಯ ಮದುವೆಯಲ್ಲಿ ರೇಷ್ಮೆ ಸೀರೆ ಉಡಬಾರದೇ? ಉಡಬೇಕು, ನಗಬೇಕು, ಗೋಕರ್ಣಕ್ಕೂ ಹೋಗಬೇಕು. ಬದುಕು ತಡೆಯಾಜ್ಞೆಯ ಮೇಲೆ ನಿಲ್ಲುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಫಿಡವಿಟ್ಟಿನಲ್ಲಿ ಬರೆದಿದ್ದರೆ ಯಾವ ಫೋಟೊಗೂ ಹೆದರಬೇಕಿಲ್ಲ. ಆದರೂ ಒಂದು ಮಾತು: ಬಾಡಿಗೆಯ ಒಡವೆ, ಗೆಳೆಯನ ಕಾರು, ಕಂಪನಿ ಖರ್ಚಿನ ಹೋಟೆಲು ಇವೆಲ್ಲ ಫೋಟೊದಲ್ಲಿ ನಿಮ್ಮವಾಗಿಯೇ ಕಾಣುತ್ತವೆ. ಅವು ನಿಮ್ಮವಲ್ಲ ಎಂದು ವಿವರಿಸುವ ಹೊರೆ ಮಾತ್ರ ನಿಮ್ಮದು.

ಕೋಪದ ಪೋಸ್ಟುಗಳ ಕಡೆಗೆ ಬರೋಣ. ಮಾನಸಿಕ ಕ್ರೌರ್ಯ ಎಂದರೆ ಒಂದೇ ಸೂರಿನಡಿ ಇದ್ದಾಗ ನಡೆದದ್ದು ಮಾತ್ರ ಎಂಬ ಭಾವನೆ ಬಹಳ ಜನರಲ್ಲಿದೆ. ತವರಿಗೆ ಬಂದ ಮೇಲೆ, ಬೇರೆ ಮನೆ ಮಾಡಿದ ಮೇಲೆ ಬರೆದದ್ದು ಲೆಕ್ಕಕ್ಕಿಲ್ಲ ಎಂದುಕೊಳ್ಳುತ್ತಾರೆ. 2013ರಲ್ಲಿ ಕೆ. ಶ್ರೀನಿವಾಸ ರಾವ್ ವಿರುದ್ಧ ಡಿ.ಎ. ದೀಪಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಒಟ್ಟಿಗೆ ವಾಸವಿಲ್ಲದಿದ್ದರೂ ಮಾನಹಾನಿಕರ ಪತ್ರ, ನೋಟಿಸು, ದೂರುಗಳ ಮೂಲಕ ಕ್ರೌರ್ಯ ಎಸಗಬಹುದು. ಸಂಗಾತಿಯ ಕೆಲಸಕ್ಕೆ ಕುತ್ತು ತರುವಂಥ ಸುದ್ದಿ ಹಾಕಿಸುವುದೂ ಅದರಲ್ಲಿ ಸೇರುತ್ತದೆ ಎಂದಿತು. 2021ರ ಜಯದೀಪ್ ಮಜುಂದಾರ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸೇನಾಧಿಕಾರಿಯೊಬ್ಬರ ಮೇಲೆ ಪತ್ನಿ ಸೇನೆಯ ಮೇಲಧಿಕಾರಿಗಳಿಗೆ ಸರಣಿ ದೂರು ಕೊಟ್ಟಿದ್ದರು, ಬೇರೆ ವೇದಿಕೆಗಳಲ್ಲೂ ಮಾನ ಕಳೆಯುವ ಬರಹ ಹಾಕಿದ್ದರು. ಗಂಡನ ವೃತ್ತಿಗೇ ಪೆಟ್ಟು ಬಿತ್ತು. ಹೈಕೋರ್ಟ್ ಇದನ್ನು ಮಧ್ಯಮ ವರ್ಗದ ಸಂಸಾರದ ಸಾಮಾನ್ಯ ಕಿತ್ತಾಟ ಎಂದು ಕಂಡಿತ್ತು. ಸುಪ್ರೀಂ ಕೋರ್ಟ್ ಕ್ರೌರ್ಯ ಎಂದು ಕರೆದು ವಿಚ್ಛೇದನ ಎತ್ತಿಹಿಡಿಯಿತು.

2025ರ ಜುಲೈ 22ರ ಒಂದು ಆದೇಶವನ್ನೂ ಇಲ್ಲಿ ನೆನೆಯಬೇಕು. ಐಪಿಎಸ್ ಅಧಿಕಾರಿಯಾಗಿದ್ದ ಪತ್ನಿ ಹೂಡಿದ್ದ ಕೇಸುಗಳಲ್ಲಿ ಗಂಡ 109 ದಿನ, ಮಾವ 103 ದಿನ ಜೈಲಿನಲ್ಲಿದ್ದರು. ಮದುವೆಯನ್ನು ವಿಸರ್ಜಿಸುತ್ತ ಸುಪ್ರೀಂ ಕೋರ್ಟ್, ಪತ್ನಿಯೂ ಆಕೆಯ ತಂದೆ ತಾಯಿಯೂ ಬೇಷರತ್ ಕ್ಷಮೆ ಕೇಳಬೇಕೆಂದಿತು. ಆ ಕ್ಷಮಾಪಣೆ ಪತ್ರಿಕೆಗಳಲ್ಲಷ್ಟೇ ಅಲ್ಲ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲೂ ಬರಬೇಕು ಎಂದಿತು. ಮಾನ ಹೋಗುವ ದಾರಿ ಯಾವುದೆಂದು ನ್ಯಾಯಾಲಯಕ್ಕೆ ಚೆನ್ನಾಗಿ ಗೊತ್ತಿದೆ.

ಹೆಸರು ಹಾಕದೆ ಬರೆದರೆ ತಪ್ಪಿಲ್ಲವಲ್ಲ ಎನ್ನುತ್ತಾರೆ ಕೆಲವರು. ‘ಕೆಲವು ಜನ ತಾಯಿಯ ಸೆರಗು ಬಿಡುವುದೇ ಇಲ್ಲ’ ಎಂಬ ಸ್ಟೇಟಸ್ಸು. ಯಾರ ಹೆಸರೂ ಇಲ್ಲ, ನಿಜ. ನಿಮ್ಮ ಸಂಪರ್ಕದಲ್ಲಿರುವ ಮುನ್ನೂರು ಮಂದಿಗೂ ಅದು ಯಾರೆಂದು ಗೊತ್ತು. ಮಾನಹಾನಿಗೆ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ, ಹೆಸರು ಬರೆದಿರಲೇಬೇಕೆಂದಿಲ್ಲ. ಓದಿದವರಿಗೆ ಗುರುತು ಸಿಕ್ಕರೆ ಸಾಕು.

ಕಕ್ಷಿದಾರರು ತುಟಿ ಬಿಗಿಹಿಡಿದು ಕೂತಿದ್ದಾಗಲೂ ಕೇಸಿಗೆ ಕಲ್ಲು ಹಾಕುವವರು ನೆಂಟರು. ನಮ್ಮಲ್ಲಿ ಮದುವೆ ಎರಡು ಮನೆಗಳ ನಡುವೆ ಆಗುತ್ತದೆ, ವಿಚ್ಛೇದನವೂ ಹಾಗೆಯೇ ಆಗುತ್ತದೆ. ಅಕ್ಕನ ಪರವಾಗಿ ತಮ್ಮ ಭಾವನ ಆಫೀಸಿನ ಪುಟಕ್ಕೆ ಹೋಗಿ ಕಾಮೆಂಟ್ ಬರೆಯುತ್ತಾನೆ. ಅತ್ತೆ ಕುಟುಂಬದ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಿಡುತ್ತಾರೆ, ಅದು ಬೀದರ್‌ನಿಂದ ಚಾಮರಾಜನಗರದವರೆಗೆ ಸುತ್ತಿ ಸಂಜೆಯ ಹೊತ್ತಿಗೆ ಸೊಸೆಯ ಫೋನಿಗೇ ಬಂದು ಬೀಳುತ್ತದೆ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಅಲ್ಲಿಂದಲೇ ಒಂದು ಉದ್ದನೆಯ ಪೋಸ್ಟ್ ಹಾಕಿ ನಿದ್ದೆಗೆ ಹೋಗುತ್ತಾನೆ. ಇವೆಲ್ಲದಕ್ಕೂ ಉತ್ತರ ಹೇಳಬೇಕಾದವರು ಕಟಕಟೆಯಲ್ಲಿ ನಿಂತವರು. ಆದ್ದರಿಂದ ನೆಂಟರಿಗೆ ಮೊದಲೇ ಕೈಮುಗಿದು ಹೇಳಿಬಿಡಬೇಕು: ‘ಚಿಕ್ಕಮ್ಮ, ನಿಮ್ಮ ಪ್ರೀತಿ ದೊಡ್ಡದು, ಆದರೆ ಗುಂಪಿನಲ್ಲಿ ಏನೂ ಬರೆಯಬೇಡಿ, ಮನೆಗೆ ಬಂದು ಬೈದರೆ ಸಾಕು.’ ಎರಡೂ ಕಡೆಯವರಿದ್ದ ಹಳೆಯ ಗುಂಪುಗಳಿಂದ ಸದ್ದಿಲ್ಲದೆ ಹೊರಬರುವುದು ಒಳ್ಳೆಯದು. ಬರುವ ಮುನ್ನ ಬೇಕಾದ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಇಷ್ಟು ಓದಿದವರಲ್ಲಿ ಕೆಲವರ ಕೈ ಈಗಾಗಲೇ ಹಳೆಯ ಪೋಸ್ಟುಗಳನ್ನು ಅಳಿಸಲು ಹೋಗಿರಬಹುದು. ಸ್ವಲ್ಪ ತಾಳಿ. ನೋಟಿಸು ಬಂದ ಮೇಲೆ ಅಳಿಸುವುದು ಬರೆದದ್ದಕ್ಕಿಂತ ಕೆಟ್ಟದ್ದಾಗಬಹುದು. ಎದುರು ಕಡೆಯವರ ಬಳಿ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ; ನಿಮ್ಮ ಫೋನಿನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಗೆರೆ ಮಾತ್ರ ಉಳಿದಿರುತ್ತದೆ. ತನ್ನ ಕೈಯಲ್ಲಿದ್ದ ಸಾಕ್ಷ್ಯವನ್ನು ಹಾಜರುಪಡಿಸದವರ ವಿರುದ್ಧ ಪ್ರತಿಕೂಲ ತೀರ್ಮಾನಕ್ಕೆ ಬರುವ ಅಧಿಕಾರ ನ್ಯಾಯಾಲಯಕ್ಕಿದೆ. ಸಾಕ್ಷ್ಯವಾಗಬಾರದೆಂದೇ ವಿದ್ಯುನ್ಮಾನ ದಾಖಲೆಯನ್ನು ನಾಶ ಮಾಡುವುದು ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅಪರಾಧವೂ ಹೌದು. ಖಾತೆಯನ್ನು ಖಾಸಗಿ ಮಾಡಿ, ನಿಮ್ಮನ್ನು ಯಾರೂ ಟ್ಯಾಗ್ ಮಾಡದಂತೆ ನೋಡಿಕೊಳ್ಳಿ, ಹಳೆಯದರ ಒಂದು ಪ್ರತಿ ಇಳಿಸಿಕೊಂಡು ವಕೀಲರಿಗೆ ತೋರಿಸಿ. ಅಳಿಸಬೇಕೋ ಬೇಡವೋ ಅವರು ಹೇಳಲಿ. ವಕೀಲರ ಮುಂದೆ ಮುಜುಗರ ಪಟ್ಟರೆ ಒಂದು ದಿನದ ಕಷ್ಟ, ಕೋರ್ಟಿನ ಮುಂದಾದರೆ ಹಾಗಲ್ಲ.

ಖಾಸಗಿ ಮಾಡಿದ ಖಾತೆಯೂ ಪೂರ್ತಿ ಖಾಸಗಿಯಲ್ಲ ಎಂಬುದೂ ನೆನಪಿರಲಿ. ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿಯಲ್ಲಿರುವ ಹದಿನೈದು ಜನರಲ್ಲಿ ಒಬ್ಬರಿಗಾದರೂ ಎರಡೂ ಮನೆಯ ನಂಟಿರುತ್ತದೆ.

ಕದ್ದು ನೋಡುವ ವಿಷಯ ಇದಕ್ಕಿಂತ ಜಟಿಲ. 2025ರ ಜುಲೈ 14ರಂದು ವಿಭೋರ್ ಗರ್ಗ್ ವಿರುದ್ಧ ನೇಹಾ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ, ಪತ್ನಿಗೆ ತಿಳಿಯದಂತೆ ಗಂಡ ರೆಕಾರ್ಡ್ ಮಾಡಿದ್ದ ಫೋನ್ ಮಾತುಕತೆಯನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಇಂಥ ರೆಕಾರ್ಡಿಂಗ್ ಒಪ್ಪಿದರೆ ಸಂಸಾರಗಳಲ್ಲಿ ಬೇಹುಗಾರಿಕೆ ಹೆಚ್ಚೀತು ಎಂಬ ವಾದವೂ ಪೀಠದ ಮುಂದಿತ್ತು. ಒಬ್ಬರ ಮೇಲೊಬ್ಬರು ಕಣ್ಣಿಡುವ ಮಟ್ಟಕ್ಕೆ ಇಳಿದಿದ್ದಾರೆಂದರೆ ಸಂಬಂಧ ಆಗಲೇ ಮುರಿದಿದೆ, ನಂಬಿಕೆ ಹೋಗಿದೆ ಎಂಬುದಕ್ಕೆ ಅದೇ ಗುರುತು ಎಂಬ ಅರ್ಥದಲ್ಲಿ ಪೀಠ ಉತ್ತರಿಸಿತು. ತೀರ್ಪು ಬಂದಾಗ ಅನೇಕರು ಇದನ್ನು ಪರವಾನಗಿ ಎಂದುಕೊಂಡರು. ಅದು ಪರವಾನಗಿಯಲ್ಲ. ನಿಮ್ಮ ಜೊತೆ ಆಡಿದ ಮಾತನ್ನು ನೀವು ರೆಕಾರ್ಡ್ ಮಾಡುವುದು ಒಂದು. ಹೆಂಡತಿಯ ಜಿಮೇಲಿಗೆ ಅವಳ ಪಾಸ್‌ವರ್ಡ್ ಹಾಕಿ ನುಗ್ಗುವುದು, ಗಂಡನ ವಾಟ್ಸಾಪನ್ನು ನಿಮ್ಮ ಲ್ಯಾಪ್‌ಟಾಪಿಗೆ ಕದ್ದು ಜೋಡಿಸುವುದು ಇನ್ನೊಂದು. ಸಾಕ್ಷ್ಯವನ್ನು ಕೋರ್ಟ್ ಒಪ್ಪಿಕೊಂಡರೂ ಅದನ್ನು ತಂದ ದಾರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬೇರೆ ಕೇಸಾಗಬಹುದು. ಬೇರೆಯವರ ಪಾಸ್‌ವರ್ಡ್ ದುರ್ಬಳಕೆಗೆ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಖಾಸಗಿ ಚಿತ್ರಗಳನ್ನು ಹಂಚುವುದಂತೂ, ಹಂಚುತ್ತೇನೆಂದು ಹೆದರಿಸುವುದಂತೂ, ನೇರ ಕ್ರಿಮಿನಲ್ ಅಪರಾಧ. ಗಂಡನಾಗಿದ್ದೆ ಎಂಬುದು ಅಲ್ಲಿ ಸಮರ್ಥನೆಯಾಗುವುದಿಲ್ಲ.

ಮೂರನೆಯವರನ್ನು ಎಳೆದು ತರುವುದಕ್ಕೂ ಮಿತಿಯಿದೆ. ಪತ್ನಿಗೆ ಬೇರೊಬ್ಬರ ಜೊತೆ ಸಂಬಂಧವಿದೆ ಎಂದು ಸಾಬೀತು ಮಾಡಲು ಆ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಿಕೊಡಿ ಎಂದು ಗಂಡನೊಬ್ಬ ಕೇಳಿ, ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. 2022ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ವ್ಯಾಜ್ಯದಲ್ಲಿ ಕಕ್ಷಿದಾರನೇ ಅಲ್ಲದವನ ಖಾಸಗಿತನವನ್ನು ಇವರಿಬ್ಬರ ಜಗಳಕ್ಕೆ ಬಲಿ ಕೊಡಲಾಗದು ಎಂಬುದು ಅದರ ತಿರುಳು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಬಾಯಲ್ಲಿ ಹೇಳಿಸಿದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ನೆನೆಯಬಹುದು.

ನಿಮ್ಮ ಫೋನಿನ ಬಾಗಿಲುಗಳನ್ನು ಮಾತ್ರ ಇವತ್ತೇ ನೋಡಿಕೊಳ್ಳಿ. ಬೇರೆಯಾಗಿ ಎಷ್ಟೋ ತಿಂಗಳಾದ ಮೇಲೂ ಇಬ್ಬರ ಫೋಟೊಗಳು ಒಂದೇ ಗೂಗಲ್ ಖಾತೆಗೆ ಹೋಗಿ ಬೀಳುತ್ತಿರುತ್ತವೆ. ಮಗುವಿನ ಟ್ಯಾಬ್ ಅಮ್ಮನ ಜಿಮೇಲಿನಲ್ಲಿ ತೆರೆದಿರುತ್ತದೆ, ಟ್ಯಾಬ್ ಅಪ್ಪನ ಮನೆಯಲ್ಲಿರುತ್ತದೆ. ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ. ಗೂಗಲ್ ಮ್ಯಾಪ್‌ನಲ್ಲಿ ಯಾವತ್ತೋ ಪ್ರೀತಿಯಿಂದ ಹಂಚಿಕೊಂಡ ಲೊಕೇಶನ್ ಇನ್ನೂ ಹೋಗುತ್ತಿದೆಯೇ ನೋಡಿ. ಹೆಂಡತಿಯ ಬ್ಯಾಂಕ್ ಖಾತೆಗೆ, ಆಧಾರ್‌ಗೆ ಗಂಡನ ಮೊಬೈಲ್ ನಂಬರೇ ಜೋಡಿಸಿರುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಒಟಿಪಿ ಅವನಿಗೆ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಬದಲಿಸಬೇಕಾದ್ದು ಅದು.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ‘ನಂಗೆ ಅಪ್ಪ ಬೇಡ’ ಎಂದು ಮಗುವಿನ ಬಾಯಲ್ಲಿ ಹೇಳಿಸಿ ವಿಡಿಯೊ ಮಾಡಿ ಹಂಚುವವರಿದ್ದಾರೆ. ಭೇಟಿಗೆಂದು ಕೋರ್ಟ್ ಕೊಟ್ಟ ಎರಡು ತಾಸಿನಲ್ಲಿ ಮಗುವನ್ನು ಮಾತಾಡಿಸುವ ಬದಲು ಅದರ ಜೊತೆ ರೀಲ್ಸ್ ಮಾಡುವ ಅಪ್ಪಂದಿರಿದ್ದಾರೆ. ಮಗು ಯಾರ ಬಳಿ ಇರಬೇಕು ಎಂಬುದನ್ನು ನಿರ್ಧರಿಸುವಾಗ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಮಗುವಿನ ಹಿತವನ್ನೇ ಪರಮ ಎನ್ನುತ್ತದೆ. ಅಪ್ಪನ ಹಕ್ಕು, ಅಮ್ಮನ ಹಕ್ಕು ಅದರ ಹಿಂದೆ. ಮಗುವನ್ನು ಆಯುಧ ಮಾಡಿಕೊಂಡವರು ತಮ್ಮ ಯೋಗ್ಯತೆಯನ್ನು ತಾವೇ ಬರೆದುಕೊಟ್ಟಂತೆ. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು ಚಾಕೊಲೇಟ್ ಕೊಟ್ಟು ಮಾತಾಡಿಸಿದರೆ, ಕಲಿಸಿ ಕಳಿಸಿದ ಮಾತು ಯಾವುದು, ಅದರದೇ ಮಾತು ಯಾವುದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗದು. ಶಾಲೆಯ ಸಮವಸ್ತ್ರ, ವ್ಯಾನಿನ ಹೆಸರು ಕಾಣುವ ಫೋಟೊ ಹಾಕುವುದು ಬೇರೆಯ ಅಪಾಯ, ಕೇಸಿಲ್ಲದವರೂ ಹಾಕಬಾರದು.

2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಅರ್ಜಿ ಬಂದಿತ್ತು. ಮಗಳ ಮದುವೆಯ ವ್ಯಾಜ್ಯ ರಾಜಿಯಲ್ಲಿ ಮುಗಿದಿತ್ತು. ಆದರೆ ಹೈಕೋರ್ಟಿನ ಹಳೆಯ ಆದೇಶವೊಂದರಲ್ಲಿ ಆಕೆಯ ಹೆಸರಿತ್ತು, ಅಂತರ್ಜಾಲದಲ್ಲಿ ಹೆಸರು ಹುಡುಕಿದರೆ ಅದು ಸಿಗುತ್ತಿತ್ತು. ಮಗಳ ಮುಂದಿನ ಬದುಕಿಗೆ ಅದು ಅಡ್ಡ ಬರುತ್ತದೆ ಎಂದು ತಂದೆ ಕೋರ್ಟಿಗೆ ಬಂದಿದ್ದರು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ, ಮರೆತುಹೋಗುವ ಹಕ್ಕಿನ ಪ್ರಸ್ತಾಪ ಮಾಡಿ, ಅಂತರ್ಜಾಲದ ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಭಾರತದಲ್ಲಿ ಈ ಹಕ್ಕಿನ ಚರ್ಚೆ ಬಂದಾಗಲೆಲ್ಲ ಈ ಆದೇಶ ಉಲ್ಲೇಖವಾಗುತ್ತದೆ. ಒಂದು ಆದೇಶದ ಮೇಲಿನ ಒಂದು ಹೆಸರನ್ನು ಮರೆಮಾಡಿಸಲು ಆ ತಂದೆ ರಿಟ್ ಹಾಕಬೇಕಾಯಿತು. ನಾವು ಹೆಸರು, ಫೋಟೊ, ಮಲಗುವ ಕೋಣೆಯ ಜಗಳ ಎಲ್ಲವನ್ನೂ ನಾವೇ ಹಾಕುತ್ತೇವೆ, ಮಗು ಹದಿನಾಲ್ಕಾಗಿ ಅಪ್ಪ ಅಮ್ಮನ ಹೆಸರನ್ನು ಗೂಗಲ್‌ನಲ್ಲಿ ಹುಡುಕುವ ದಿನದ ಯೋಚನೆಯಿಲ್ಲದೆ.

ಮೌನವಾಗಿರಿ ಎಂಬ ಈ ಮಾತನ್ನು ಹೊಡೆಸಿಕೊಳ್ಳುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳುತ್ತಿಲ್ಲ. ಅವರಿಗೆ ‘ಮನೆ ಮರ್ಯಾದೆ’ ಎಂದು ಹೇಳುವವರು ಸುತ್ತ ಸಾಕಷ್ಟಿದ್ದಾರೆ. ಹಿಂಸೆ ಇದ್ದರೆ ಅದು ಹೊರಗೆ ಬರಲೇಬೇಕು. ಬರಬೇಕಾದ ಜಾಗ ಪೊಲೀಸ್ ಠಾಣೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿ, ಮ್ಯಾಜಿಸ್ಟ್ರೇಟ್ ಕೋರ್ಟ್. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಿಗುವ ರಕ್ಷಣಾ ಆದೇಶ ಫೋನು, ಮೆಸೇಜು, ಇಮೇಲ್ ಮೂಲಕ ಸಂಪರ್ಕಿಸುವುದನ್ನೂ ತಡೆಯಬಲ್ಲದು. ಆ ಆದೇಶ ಉಲ್ಲಂಘಿಸುವುದೇ ಅಪರಾಧ. ಬೆದರಿಕೆಯ ಸಂದೇಶ ಬಂದರೆ ಉತ್ತರ ಕೊಡದೆ, ಅಳಿಸದೆ ಇಟ್ಟುಕೊಳ್ಳಿ. ನಕಲಿ ಖಾತೆ, ಚಿತ್ರ ಹರಿಬಿಡುವ ಬೆದರಿಕೆ ಇದ್ದರೆ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಅದೂ ಸಾಲದೆಂದರೆ ಹತ್ತಿರದ ಸೈಬರ್ ಅಪರಾಧ ಠಾಣೆಗೆ ಹೋಗಿ. ಫೇಸ್‌ಬುಕ್ಕಿನಲ್ಲಿ ಸಾವಿರ ಲೈಕ್ ಬಂದ ದೂರಿಗೆ ಎಫ್‌ಐಆರ್ ಸಂಖ್ಯೆ ಇರುವುದಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನ ಸುಲಭದ್ದು ಎಂದು ಬಹಳ ಜನ ಇಲ್ಲಿ ಮೈಮರೆಯುತ್ತಾರೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಅರ್ಜಿ ಹಾಕಿದ ಮೇಲೆ ಎರಡನೇ ಹಂತಕ್ಕೆ ಕನಿಷ್ಠ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಆ ಅವಧಿಯನ್ನು ಮನ್ನಾ ಮಾಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳಿದೆ, ಆದರೆ ಎಲ್ಲರಿಗೂ ಮನ್ನಾ ಸಿಗುವುದಿಲ್ಲ. ಆ ಆರು ತಿಂಗಳಲ್ಲಿ ಇಬ್ಬರಲ್ಲಿ ಒಬ್ಬರು ಒಪ್ಪಿಗೆ ಹಿಂದೆ ತೆಗೆದುಕೊಂಡರೆ ಕೋರ್ಟ್ ವಿಚ್ಛೇದನ ಕೊಡುವಂತಿಲ್ಲ ಎಂದು 1991ರಲ್ಲೇ ಸುರೇಷ್ಟಾ ದೇವಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಣ, ಮಗು, ಒಡವೆ ಎಲ್ಲ ಹೊಂದಿಕೊಂಡ ಮೇಲೆ ‘ಕೊನೆಗೂ ಪೀಡೆ ತೊಲಗಿತು’ ಎಂಬ ಒಂದು ಸ್ಟೇಟಸ್ಸಿಗೆ, ಅಥವಾ ಮ್ಯಾಟ್ರಿಮೊನಿಯಲ್ಲಿ ಅವಸರದಿಂದ ತೆರೆದ ಒಂದು ಪ್ರೊಫೈಲಿಗೆ ಎದುರು ಕಡೆ ಕೆರಳಿ ‘ಸಹಿ ಹಾಕಲ್ಲ’ ಎಂದು ಕೂತರೆ ಮತ್ತೆ ಮೊದಲಿಂದ ಶುರು. ಮಧ್ಯಸ್ಥಿಕೆಯ ಕೋಣೆಯ ಮಾತುಗಳಂತೂ ಕಡ್ಡಾಯವಾಗಿ ಗೋಪ್ಯ. ಅಲ್ಲಿ ಆಡಿಯೊ, ವಿಡಿಯೊ ರೆಕಾರ್ಡ್ ಮಾಡಬಾರದು ಎಂದು 2023ರ ಮಧ್ಯಸ್ಥಿಕೆ ಕಾಯ್ದೆಯೇ ಹೇಳುತ್ತದೆ. ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ 2007ರಿಂದ ನಡೆಯುತ್ತಿದೆ. ಅಲ್ಲಿ ಕೂತು ಬಿಕ್ಕಿ ಅತ್ತವರ ಅಳು ಹೊರಗೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದು ನಿಂತಿದೆ.

ರಾಜಿ ಪತ್ರದಲ್ಲಿ ಜೀವನಾಂಶದ ಮೊತ್ತ, ಕಂತು, ಭೇಟಿಯ ದಿನ, ವಾಪಸು ಕೊಡಬೇಕಾದ ಒಡವೆಯ ತೂಕ ಎಲ್ಲ ಇರುತ್ತದೆ. ಇನ್ನೊಂದು ಕಲಮನ್ನು ನೀವಾಗಿಯೇ ಕೇಳಿ ಸೇರಿಸಿ: ಒಬ್ಬರ ಬಗ್ಗೆ ಇನ್ನೊಬ್ಬರು, ಅವರ ಮನೆಯವರು, ಯಾವ ಜಾಲತಾಣದಲ್ಲೂ ಬರೆಯಬಾರದು, ಈಗಾಗಲೇ ಇರುವುದನ್ನು ಇಂತಿಷ್ಟು ದಿನದೊಳಗೆ ತೆಗೆಯಬೇಕು, ಒಬ್ಬರ ಬಳಿ ಇರುವ ಇನ್ನೊಬ್ಬರ ಖಾಸಗಿ ಫೋಟೊ, ವಿಡಿಯೊಗಳನ್ನು ಅಳಿಸಬೇಕು, ಮಗುವಿನ ಚಿತ್ರ ಹಾಕಲು ಇಬ್ಬರ ಒಪ್ಪಿಗೆ ಬೇಕು. ಕೋರ್ಟ್ ಆ ಪತ್ರವನ್ನು ದಾಖಲಿಸಿಕೊಂಡರೆ ಅದು ಬರೀ ಮಾತಾಗಿ ಉಳಿಯುವುದಿಲ್ಲ, ಜಾರಿ ಮಾಡಿಸಬಹುದಾದ ಷರತ್ತಾಗುತ್ತದೆ. ಸಹಿ ಹಾಕುವ ಮುನ್ನ ಈ ಕಲಂ ಪತ್ರದಲ್ಲಿದೆಯೇ ಎಂದು ನಿಮ್ಮ ವಕೀಲರನ್ನು ಕೇಳಿ.